ಥಾರ್ ಹಸಿರಾಗಿದೆಯಾ? ಮೇ ತಿಂಗಳಲ್ಲಿ ನೋಡಿ ಹೇಳಿ

ಮುಂಗಾರು ಚೆನ್ನಾಗಿ ಸುರಿದ ವರ್ಷ ಸೆಪ್ಟೆಂಬರ್‌ನಲ್ಲಿ ಮೊಬೈಲಿಗೆ ಒಂದು ಫೋಟೊ ಬಂದೇ ಬರುತ್ತದೆ. ರಾಜಸ್ಥಾನದ ಥಾರ್ ಮರುಭೂಮಿಯ ಜೈಸಲ್ಮೇರ್ ಕಡೆಯ ಮರಳುದಿಬ್ಬ, ಮೈಮೇಲೆಲ್ಲ ಹಸಿರು. ‘ಮರುಭೂಮಿ ಮಾಯ ಆಯ್ತಾ ಸಾರ್?’ ಅಂತ ಕೇಳುತ್ತಾರೆ. ಆ ಹಸಿರು ಯಾವ ಗಿಡದ್ದು ಅಂತ ನಾನು ಕೇಳುತ್ತೇನೆ.

ಒಣ ಮರಳುನೆಲದಲ್ಲಿ ಸಸ್ಯ ಎಷ್ಟು ಹಬ್ಬಿದೆ ಅಂತ ಅಳೆಯುವುದು ನಮ್ಮ ಕೆಲಸ. ಅಲ್ಲಿ ವರ್ಷದ ಒಟ್ಟು ಮಳೆಯ ಲೆಕ್ಕ ಇಟ್ಟುಕೊಂಡು ಜಾಸ್ತಿ ಏನೂ ಹೇಳಲು ಬರುವುದಿಲ್ಲ. ಜೈಸಲ್ಮೇರ್‌ಗೆ ವರ್ಷಕ್ಕೆ ಸಿಗುವುದೇ 200 ಮಿ.ಮೀ. ಆಸುಪಾಸು. ಅದು ಐದೈದು ಮಿ.ಮೀ. ತುಂತುರಾಗಿ ಬಿದ್ದರೆ ಬಹುಪಾಲು ಮಾರನೇ ದಿನದ ಬಿಸಿಲಿಗೇ ಆವಿ. ಅಷ್ಟೇ ಮಳೆ ನಾಲ್ಕೈದು ಸಲ ಜೋರಾಗಿ ಹುಯ್ದರೆ ಬಹಳಷ್ಟು ನೀರು ಒಳಗೆ ಇಳಿಯುತ್ತದೆ.

ಮರಳು ನೀರು ಹಿಡಿಯುವುದಿಲ್ಲ ಅನ್ನುವ ದೂರು ಇದೆಯಲ್ಲ, ಒಣ ಸೀಮೆಯಲ್ಲಿ ಅದೇ ವರ. 10 ಮಿ.ಮೀ. ಮಳೆ ಒಣ ಮರಳಿನಲ್ಲಿ 10 ಸೆಂ.ಮೀ. ಅಥವಾ ಇನ್ನೂ ಆಳಕ್ಕೆ ಇಳಿಯುತ್ತದೆ. ನಮ್ಮ ಎರೆಮಣ್ಣಿನಲ್ಲಿ, ಬಿರುಕುಗಳ ಮಾತು ಬಿಟ್ಟರೆ, ಅದರ ಅರ್ಧಕ್ಕೂ ಹೋಗುವುದಿಲ್ಲ. ಮೇಲೇ ನಿಂತು ಒಣಗುತ್ತದೆ. ಮರಳಿನ ಮೇಲ್ಪದರ ಒಣಗಿದ ಮೇಲೆ ಕೆಳಗಿನ ತೇವ ಮೇಲೇರುವುದು ಕಷ್ಟ. ಮಳೆಯಾಗಿ ಎರಡು ವಾರದ ಮೇಲೆ ದಿಬ್ಬ ಅಗೆದು ನೋಡಿ. ಮೇಲೆ ನಾಲ್ಕು ಬೆರಳಷ್ಟು ಪುಡಿ, ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಅದರ ಕೆಳಗಿನದು ಕಂದುಬಣ್ಣ, ತಣ್ಣಗೆ. ಹಿಡಿದರೆ ಉಂಡೆ ಕಟ್ಟುತ್ತದೆ. ಆ ಕಡೆಯ ಹಿರಿಯರು ಮಳೆ ಅಳೆದದ್ದೂ ಹೀಗೆಯೇ. ತೇವ ಐದು ಬೆರಳು ಇಳಿದಿದ್ದರೆ ಅವತ್ತಿನ ಮಳೆ ‘ಐದು ಅಂಗುಲ ರೇಜೊ’ (ಇಲ್ಲಿ ಅಂಗುಲ ಅಂದರೆ ಇಂಚಲ್ಲ, ಬೆರಳಿನ ಅಗಲ). ಗಿಡದ ಲೆಕ್ಕಕ್ಕೆ ನಮ್ಮ ಮಳೆಮಾಪಕಕ್ಕಿಂತ ಇದೇ ಸರಿ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈ ತೇವವನ್ನು ಕುಡಿಯುವವರು ಬೇರೆ ಬೇರೆ. ಮೇಲಿನ ಒಂದು ಗೇಣು ತೇವವಾದರೆ ಸಾಕು, ಭುರುಟ್ ಹುಲ್ಲು ಎದ್ದುಬಿಡುತ್ತದೆ. ಕಾಲುಚೀಲಕ್ಕೆ ಅಂಟುವ ಆ ಮುಳ್ಳುಬೀಜ ಕೀಳುವ ಕಷ್ಟ ಅಲ್ಲಿ ನಡೆದವರಿಗೇ ಗೊತ್ತು. ಬೀಜ ಉದುರಿಸಿ ಕೆಲವೇ ತಿಂಗಳಲ್ಲಿ ಒಣಗುತ್ತದೆ. ಫೋಟೊದ ಹಸಿರಿನಲ್ಲಿ ಇಂಥ ಹುಲ್ಲಿನ ಪಾಲೇ ದೊಡ್ಡದು. ಸೇವಣ್ ಹುಲ್ಲು ಹಾಗಲ್ಲ. ಬುಡಗಟ್ಟಿ, ಬೇರು ಇಳಿಸಿ, ವರ್ಷಗಟ್ಟಲೆ ಬದುಕುತ್ತದೆ. ಮಳೆ ಕೈಕೊಟ್ಟರೆ ಮೇಲೆ ಒಣಗಿ ಬುಡದಲ್ಲಿ ಜೀವ ಹಿಡಿದಿರುತ್ತದೆ. ಹೀಗಾಗಿ ಸೇವಣ್ ಈ ವರ್ಷ ಎಷ್ಟು ಹಬ್ಬುತ್ತದೆ ಅನ್ನುವುದಕ್ಕೆ ಹಿಂದಿನ ಎರಡು ಮೂರು ವರ್ಷದ ಮಳೆಯನ್ನೂ ನೋಡಬೇಕು. ಇನ್ನೂ ಆಳದ ನೀರು ಫೋಗ್ ಪೊದೆಗೆ, ಖೇಜಡಿ ಮರಕ್ಕೆ. ಖೇಜಡಿ ಅಂದರೆ ಬೇರೇನಲ್ಲ, ದಸರೆಗೆ ನಾವು ಪೂಜಿಸುವ ಬನ್ನಿ.

ಹಾಗಾಗಿ ಮಳೆ ಬೀಳುವ ರೀತಿ ಬದಲಾದರೆ ಗಿಡಗಳ ಪಾಲೂ ಬದಲಾಗುತ್ತದೆ. ವಾಯವ್ಯ ಭಾರತದಲ್ಲಿ ಇತ್ತೀಚಿನ ದಶಕಗಳಲ್ಲಿ ಮಳೆ ಏರಿದೆ. ಒಮ್ಮೆಲೇ ಸುರಿಯುವುದೂ ಇದೆ: 2006ರ ಆಗಸ್ಟ್‌ನಲ್ಲಿ ಬಾಡಮೇರ್‌ನ ಕವಾಸ್ ಹಳ್ಳಿ ಮುಳುಗಿದ್ದು ನೆನಪಿರಬಹುದು. ದೊಡ್ಡ ಮಳೆ, ನಡುವೆ ಉದ್ದದ ಬಿಡುವು. ಇದು ಆಳಕ್ಕೆ ಬೇರಿಳಿಸಿದ ಪೊದೆ, ಮರಗಳಿಗೆ ಅನುಕೂಲ, ಹುಲ್ಲಿನ ಸಸಿಗಳಿಗೆ ಕಷ್ಟ. ಹಾಗಂತ ಉಪಗ್ರಹ ತೋರಿಸುವ ಹಸಿರೆಲ್ಲ ಮಳೆಯದ್ದೇ ಅನ್ನಬೇಡಿ. ಇಂದಿರಾ ಗಾಂಧಿ ಕಾಲುವೆ ಇದೆ, ಬೋರ್‌ವೆಲ್‌ಗಳಿವೆ, ಚಳಿಗಾಲದ ಸಾಸಿವೆ, ಜೀರಿಗೆ ಇವೆ. ನಮ್ಮೂರಲ್ಲಿ ಬಳ್ಳಾರಿ ಜಾಲಿ ಅನ್ನುವ ಪರದೇಶಿ ಮುಳ್ಳುಗಿಡವೂ ಅಲ್ಲಿ ಬೇಕಾದಷ್ಟಿದೆ. ಮೇಲಿಂದ ನೋಡಿದರೆ ಎಲ್ಲವೂ ಹಸಿರೇ, ಅಲ್ವಾ?

ಮೇ ತಿಂಗಳಲ್ಲಿ ಅಳೆಯಿರಿ ಅನ್ನುವುದು ಇದಕ್ಕೇ. ಆಗ ವಾರ್ಷಿಕ ಹುಲ್ಲು ಹೋಗಿರುತ್ತದೆ, ಮರಳು ಹಾರಿಸುವ ಗಾಳಿ ಜೋರಾಗಿರುತ್ತದೆ. ದಿಬ್ಬದ ಅಡ್ಡಕ್ಕೆ ಟೇಪ್ ಎಳೆದು, ಅದರ ಕೆಳಗೆ ಎಷ್ಟು ಸೆಂ.ಮೀ. ಹುಲ್ಲಿನ ಬುಡ, ಎಷ್ಟು ಪೊದೆ, ಎಷ್ಟು ಬರಿ ಮರಳು ಅಂತ ಬರೆದುಕೊಳ್ಳುತ್ತೇವೆ. ಆ ಗಾಳಿಗೆ ಮರಳನ್ನು ತಡೆದು ನಿಲ್ಲಿಸುವುದು ಹೀಗೆ ಉಳಿದ ಬುಡ, ಪೊದೆಗಳೇ. ಅವು ತೆಳ್ಳಗಾದ ಕಡೆ ಮರಳು ಎದ್ದು ಎಳೆ ಸಸಿಗಳನ್ನು ಹೂಳುತ್ತದೆ, ಮುಂದಿನ ಮಳೆ ಒಳ್ಳೆಯದಾದರೂ ಹುಲ್ಲು ಹತ್ತುವುದು ನಿಧಾನ. ಅಂಥ ಜಾಗದಲ್ಲಿ ನಾವು ಕೊಡುವ ಸಲಹೆ ಒಂದೇ: ಮಳೆ ಬಂದ ತಕ್ಷಣ ದನ, ಕುರಿ ಬಿಡಬೇಡಿ, ಸೇವಣ್ ಬೀಜ ಕಟ್ಟಿ ಉದುರಿಸುವ ತನಕ ತಡೆಯಿರಿ.