ಮರಕ್ಕೊಂದು ಇಲಾಖೆ, ಪೈರಿಗೊಂದು ಇಲಾಖೆ

ಶಿರಸಿ ಕಡೆಯ ಹಳೇ ಅಡಿಕೆ ತೋಟಕ್ಕೆ ಒಮ್ಮೆ ಹೋಗಿ ನೋಡಿ. ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಸಾಲಿನ ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ. ಮೇಲೆ ಸೊಪ್ಪಿನ ಬೆಟ್ಟ. ಅಲ್ಲಿಂದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಗೊಬ್ಬರ ತೋಟಕ್ಕೆ. ಇದನ್ನು ಮಾಡುವವರು ಯಾರೂ 'ನಾವು ಕೃಷಿ ಅರಣ್ಯ ಮಾಡ್ತಿದ್ದೇವೆ' ಅನ್ನುವುದಿಲ್ಲ. ತೋಟ ಅಂದರೆ ಹಾಗೇ, ಅಷ್ಟೇ.

ಮರ, ಬೆಳೆ, ದನ ಮೂರನ್ನೂ ಒಂದೇ ಜಮೀನಿನಲ್ಲಿ ಸಂಭಾಳಿಸುವ ಈ ಕೆಲಸವನ್ನು ಕಾಲೇಜಿನಲ್ಲೂ ಕಲಿಸಬೇಕು ಅಂತ ದೊಡ್ಡವರಿಗೆ ಹೊಳೆದದ್ದು 1970ರ ದಶಕದ ಕೊನೆಗೆ. ಅಷ್ಟು ತಡ ಯಾಕಾಯಿತು ಅಂತ ಕೇಳಿದರೆ, ಉತ್ತರ ಬ್ರಿಟಿಷರ ಕಾಲದ ಆಡಳಿತದಲ್ಲಿದೆ.

ಕಾಡು ಅಂದರೆ ಸರ್ಕಾರದ ಮರ, ಹೊಲ ಅಂದರೆ ರೈತನ ಪೈರು ಎಂದು ಆಗ ಗೆರೆ ಎಳೆದರು. 1878ರಲ್ಲಿ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಶುರುವಾಯಿತು. ಅಲ್ಲಿ ಕಲಿತವನಿಗೆ ಮರದ ಅಳತೆ, ಕಡಿತದ ಲೆಕ್ಕ, ಕಾಡಿನ ಕಾವಲು ಗೊತ್ತಿರಬೇಕಿತ್ತು. ರಾಗಿ, ಜೋಳ ಗೊತ್ತಿರಬೇಕಿರಲಿಲ್ಲ. ಕೃಷಿ ಕಾಲೇಜುಗಳು ಬಂದಾಗ ಅಲ್ಲಿನ ಪಾಠದಲ್ಲಿ ಮರಕ್ಕೆ ಜಾಗವಿರಲಿಲ್ಲ. ಹೊಲದ ನಡುವಿನ ಮರ ಅಂದರೆ ಬೆಳೆಗೆ ನೆರಳು, ನೇಗಿಲಿಗೆ ಅಡ್ಡಿ. ನಮ್ಮ ಕೆನರಾ ಜಿಲ್ಲೆಯಲ್ಲಿ ಕಾಡು ಸವರಿ, ಸುಟ್ಟು ಮಾಡುತ್ತಿದ್ದ ಕುಮರಿ ಬೇಸಾಯಕ್ಕೆ 19ನೇ ಶತಮಾನದಲ್ಲೇ ಬಿಗಿ ನಿರ್ಬಂಧ ಬಿತ್ತು. ಅದೇ ಕಾಲದಲ್ಲಿ ಬರ್ಮಾದಲ್ಲಿ ಇಂಥದೇ ಬೇಸಾಯ ಮಾಡುವವರ ಕೈಯಲ್ಲಿ ಸರ್ಕಾರ ತೇಗ ನೆಡಿಸಿಕೊಂಡಿತು. ಟೌಂಗ್ಯಾ ಅಂತ ಅದರ ಹೆಸರು. ತೇಗದ ಸಸಿಗಳ ನಡುವೆ ಒಂದೆರಡು ವರ್ಷ ಭತ್ತ ಬೆಳೆದುಕೊಳ್ಳಿ, ಆಮೇಲೆ ಜಾಗ ಬಿಡಿ. ದುಡಿಮೆ ರೈತನದು, ಮರ ಸರ್ಕಾರದ್ದು!

ಆಫ್ರಿಕಾದ ವಸಾಹತುಗಳಲ್ಲೂ ಇದೇ ಅಚ್ಚು. ಸ್ವಾತಂತ್ರ್ಯ ಬಂದ ಮೇಲೂ ಎರಡು ಇಲಾಖೆ, ಎರಡು ಕಾಲೇಜು ಹಾಗೇ ಉಳಿದವು.

1970ರ ದಶಕದಲ್ಲಿ ಕೆನಡಾದ ಒಂದು ಸಂಶೋಧನಾ ಸಂಸ್ಥೆ, ಉಷ್ಣವಲಯದ ಕಾಡಿನ ವಿಷಯದಲ್ಲಿ ಮೊದಲು ಏನು ಮಾಡಬೇಕು ಎಂದು ತಿಳಿಯಲು ಜಾನ್ ಬೆನೆ ಎಂಬುವರಿಗೆ ಕೆಲಸ ಒಪ್ಪಿಸಿತು. ಬರೀ ಕಾಡು ನೋಡಿದರೆ ಸಾಲದು, ರೈತನ ಜಮೀನಿನ ಮರವನ್ನೂ ನೋಡಬೇಕು ಅಂತ 1977ರಲ್ಲಿ ಬಂದ ಅವರ ವರದಿ ಹೇಳಿತು. ಅದರ ಫಲವಾಗಿ ಹುಟ್ಟಿದ್ದೇ ಇಕ್ರಾಫ್, ಅಂದರೆ ಕೃಷಿ ಅರಣ್ಯ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ. 1978ರಿಂದ ಅದರ ಕೇಂದ್ರ ಕೀನ್ಯಾದ ನೈರೋಬಿ.

ಇಕ್ರಾಫ್‌ನ ಮೊದಮೊದಲ ವಿಜ್ಞಾನಿಗಳಲ್ಲಿ ಪಿ.ಕೆ. ರಾಮಚಂದ್ರನ್ ನಾಯರ್ ಒಬ್ಬರು. ನೈರೋಬಿಗೆ ಹೋಗುವ ಮುಂಚೆ ಅವರು ಇದ್ದದ್ದು ನಮ್ಮ ಪಕ್ಕದ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದಲ್ಲಿ. ತೆಂಗಿನ ಬಹುಪಾಲು ಬೇರು ಬುಡದಿಂದ ಎರಡು ಮೀಟರ್ ಒಳಗೇ ಇರುತ್ತದೆ ಅಂತ ಅಲ್ಲಿನವರು ಮಣ್ಣು ಅಗೆದು ನೋಡಿದ್ದರು. ಅಂದರೆ ಎರಡು ಮರಗಳ ನಡುವಿನ ನೆಲ ಹೆಚ್ಚಿನಂಶ ಸುಮ್ನೆ ಬಿದ್ದಿರುತ್ತದೆ. ಅಲ್ಲಿ ಕೋಕೋ, ಅನಾನಸ್, ತೆಂಗಿನ ಮೈಗೆ ಮೆಣಸು. ಕರಾವಳಿಯ ಅಜ್ಜಂದಿರು ಕಣ್ಣಂದಾಜಿನಲ್ಲಿ ಮಾಡುತ್ತಿದ್ದದ್ದಕ್ಕೆ ಹೀಗೆ ಲೆಕ್ಕ ಸಿಕ್ಕಿತು. ಲೆಕ್ಕವಿದ್ದರೆ ತಾನೇ ಪಠ್ಯಪುಸ್ತಕ? 1993ರಲ್ಲಿ ಅವರು ಬರೆದ ಕೃಷಿ ಅರಣ್ಯದ ಪರಿಚಯ ಪುಸ್ತಕ ಎಷ್ಟೋ ದೇಶಗಳ ತರಗತಿಗಳಿಗೆ ಹೋಯಿತು.

ಅಷ್ಟರೊಳಗೆ ಒಂದು ಕಷ್ಟ ಎಲ್ಲರಿಗೂ ಗೊತ್ತಾಗಿತ್ತು. ಸಂಶೋಧನೆ ಮಾಡಬಹುದು, ಅದನ್ನು ಕಲಿಸುವವರು ಯಾರು? ಈ ವಿಷಯಕ್ಕೆಂದೇ 1982ರಲ್ಲಿ ನೈರೋಬಿಯಲ್ಲಿ ಒಂದು ಅಂತರರಾಷ್ಟ್ರೀಯ ಸಭೆ ನಡೆಯಿತು. ಅರಣ್ಯ ಕಾಲೇಜಿನ ಮೇಷ್ಟ್ರಿಗೆ ಮಣ್ಣಿನ ಸಾರಜನಕ ಗೊತ್ತಿಲ್ಲ, ಕೃಷಿ ಕಾಲೇಜಿನ ಮೇಷ್ಟ್ರಿಗೆ ಮರದ ಹೆಸರು ಗೊತ್ತಿಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಬೇಕಿತ್ತು.

ಅದಕ್ಕಾಗಿ 1993ರಲ್ಲಿ ಇಕ್ರಾಫ್ ಆಶ್ರಯದಲ್ಲಿ, ಸ್ವೀಡನ್ ಸರ್ಕಾರದ ನೆರವಿನಿಂದ ಅನಾಫೆ ಎಂಬ ಜಾಲ ಶುರುವಾಯಿತು. ಆಫ್ರಿಕಾದ ಕೃಷಿ ಮತ್ತು ಅರಣ್ಯ ಕಾಲೇಜುಗಳ ಕೂಟ ಅದು. ತಾಂಜಾನಿಯಾದ ಅರಣ್ಯ ಪ್ರಾಧ್ಯಾಪಕ ಆಗಸ್ಟ್ ಟೆಮು ಬಹುಕಾಲ ಅದನ್ನು ಮುನ್ನಡೆಸಿದರು. ಪಠ್ಯಕ್ರಮವನ್ನು ತಿದ್ದುವುದು, ಮೇಷ್ಟ್ರುಗಳಿಗೇ ತರಬೇತಿ ಕೊಡುವುದು, ವಿದ್ಯಾರ್ಥಿಗಳು ಹೊಲಕ್ಕೆ ಹೋಗಿ ಪ್ರಬಂಧ ಬರೆಯಲು ಸಣ್ಣ ಮೊತ್ತ ಕೊಡುವುದು, ಹೀಗೆ ಸದ್ದಿಲ್ಲದ ಕೆಲಸಗಳೇ ಜಾಸ್ತಿ. ನೂರಕ್ಕೂ ಹೆಚ್ಚು ಸಂಸ್ಥೆಗಳು ಸೇರಿಕೊಂಡವು. 1999ರಲ್ಲಿ ಆಗ್ನೇಯ ಏಷ್ಯಾದಲ್ಲೂ ಇಂಥದೇ ಜಾಲ ಬಂತು.

ಆದರೆ ಪುಸ್ತಕಕ್ಕೆ ಒಂದು ಚಟವಿದೆ. ಒಂದು ಮಾದರಿ ಚೆಂದ ಕಂಡರೆ ಅದನ್ನೇ ಎಲ್ಲರಿಗೂ ಹೇಳಿಕೊಡುತ್ತದೆ. ನೈಜೀರಿಯಾದ ಇಬಾದಾನ್ ಸಂಶೋಧನಾ ಕೇಂದ್ರದಲ್ಲಿ ಸುಬಾಬುಲ್‌ನಂಥ ಮರಗಳನ್ನು ಬೇಲಿಯ ಹಾಗೆ ಸಾಲಾಗಿ ಬೆಳೆಸಿ, ಸಾಲಿನ ನಡುವೆ ಮೆಕ್ಕೆಜೋಳ ಹಾಕುವ ಪದ್ಧತಿ ಬಂತು. ಸವರಿದ ಸೊಪ್ಪೇ ಗೊಬ್ಬರ. ಪ್ರಯೋಗದ ತಾಕಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. 1980ರ ದಶಕದಲ್ಲಿ ಎಲ್ಲ ತರಬೇತಿಯಲ್ಲೂ ಇದೇ ಪಾಠ. ರೈತರು ಮಾತ್ರ ಅಂದುಕೊಂಡಷ್ಟು ಒಲಿಯಲಿಲ್ಲ. ಕಳೆ ತೆಗೆಯುವ ಹೊತ್ತಿಗೇ ಬೇಲಿ ಸವರುವ ಕೆಲಸವೂ ಬಂದರೆ ಆಳು ಎಲ್ಲಿಂದ ತರೋದು? ಈ ಪ್ರಶ್ನೆಯನ್ನು ಯಾವ ರೈತ ಮಹಿಳೆಯಾದರೂ ಮೊದಲ ದಿನವೇ ಕೇಳಬಹುದಿತ್ತು, ಕೇಳಿಸಿಕೊಳ್ಳುವವರು ಬೇಕಿತ್ತು ಅಷ್ಟೇ.

ನೈರೋಬಿಯಲ್ಲೇ, ಇಕ್ರಾಫ್ ಹುಟ್ಟಿದ ಕಾಲದಲ್ಲೇ, ಇನ್ನೊಂದು ಶಾಲೆ ನಡೆಯುತ್ತಿತ್ತು. ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ 1977ರಲ್ಲಿ ಶುರು ಮಾಡಿದ ಗ್ರೀನ್ ಬೆಲ್ಟ್ ಚಳವಳಿ. ಹಳ್ಳಿಯ ಹೆಂಗಸರಿಗೆ ಸಸಿ ಮಾಡುವುದನ್ನು ಕಲಿಸಲು ಅರಣ್ಯ ಇಲಾಖೆಯವರನ್ನೇ ಮೊದಲು ಕರೆದರು. ಅವರ ಪಾಠ ಹೆಂಗಸರ ತಲೆಗೆ ಹತ್ತಲಿಲ್ಲ. ನೆಲದ ಇಳಿಜಾರು, ಸೂರ್ಯನ ಕೋನ ಅಂತೆಲ್ಲ ಶುರು ಮಾಡಿದರೆ ಯಾರಿಗೆ ಬೇಕು? ಕೊನೆಗೆ ಮಾಥಾಯ್, ನಿಮಗೆ ಗೊತ್ತಿರುವ ಹಾಗೇ ಮಾಡಿ ಅಂದರು. ಅವರೆಕಾಳು, ಜೋಳ ಬಿತ್ತಿದವರಿಗೆ ಮರದ ಬೀಜ ಬಿತ್ತುವುದು ಏನು ಮಹಾ? ಒಡೆದ ಮಡಕೆಗಳಲ್ಲೇ ಸಸಿ ಎದ್ದವು. ನೆಟ್ಟ ಗಿಡ ಬದುಕಿದರೆ ಮಾತ್ರ ಗಿಡಕ್ಕೆ ನಾಲ್ಕು ಅಮೆರಿಕನ್ ಸೆಂಟ್. ಪದವಿಯಿಲ್ಲದ ಅರಣ್ಯಾಧಿಕಾರಿಗಳು ಅಂತ ಆ ಹೆಂಗಸರಿಗೆ ಹೆಸರಾಯಿತು.

ಕ್ಯಾಮರೂನ್‌ನಲ್ಲಿ ನಡೆದದ್ದು ನನಗೆ ಇನ್ನೂ ಇಷ್ಟ. ಅಲ್ಲಿ ಸಫೂ ಅಂತ ಒಂದು ಹಣ್ಣಿನ ಮರವಿದೆ. ನಮ್ಮ ಅಪ್ಪೆಮಿಡಿಯ ಹಾಗೆ, ಒಂದು ಮರದ್ದು ರುಚಿ, ಪಕ್ಕದ್ದು ಹುಳಿ. ಬೀಜ ಹಾಕಿದರೆ ತಾಯಿಯ ಗುಣ ಬರುತ್ತದೆ ಅನ್ನುವ ಭರವಸೆಯಿಲ್ಲ. 1990ರ ದಶಕದ ಕೊನೆಯಿಂದ ಇಕ್ರಾಫ್‌ನವರು ಅಲ್ಲಿನ ಹಳ್ಳಿಗಳಲ್ಲಿ, ನಿಮ್ಮೂರಿನ ಒಳ್ಳೆಯ ಮರ ಯಾವುದು ಅಂತ ರೈತರನ್ನೇ ಕೇಳಿದರು. ಆ ಮರದ ಕೊಂಬೆಯ ಸಿಪ್ಪೆಯನ್ನು ಉಂಗುರದ ಹಾಗೆ ಸುಲಿದು, ಒದ್ದೆ ಹುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಕಟ್ಟುವುದು. ಬೇರು ಬಂದ ಮೇಲೆ ಕತ್ತರಿಸಿ ನೆಡುವುದು. ನಮ್ಮಲ್ಲಿ ಗೂಟಿ ಕಟ್ಟುವುದು ಅನ್ನುತ್ತೇವಲ್ಲ, ಅದೇ.

ಕಡ್ಡಿ ಚಿಗುರಿಸಲು ಒಂದು ಪೆಟ್ಟಿಗೆಯನ್ನೂ ಕಲಿಸಿದರು. ಮರದ ಚೌಕಟ್ಟು, ಸುತ್ತ ಪಾರದರ್ಶಕ ಪ್ಲಾಸ್ಟಿಕ್. ಒಳಗೆ ಕೆಳಗೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಮರಳು. ತಳದಲ್ಲಿ ನೀರು ನಿಲ್ಲುತ್ತದೆ, ಒಳಗಿನ ಗಾಳಿ ಸದಾ ತೇವ. ಎಲೆಯನ್ನು ಅರ್ಧ ಕತ್ತರಿಸಿದ ಕಡ್ಡಿಯನ್ನು ಮರಳಿಗೆ ಚುಚ್ಚಿ ಮುಚ್ಚಳ ಹಾಕಿದರೆ ಆಯಿತು. ಕರೆಂಟ್ ಬೇಡ, ನಲ್ಲಿ ಬೇಡ. ಇವೆಲ್ಲ ಕಲಿಯುವ ಜಾಗಗಳಿಗೆ ಗ್ರಾಮೀಣ ಸಂಪನ್ಮೂಲ ಕೇಂದ್ರ ಅಂತ ಹೆಸರಿಟ್ಟರು. ನಡೆಸುವವರು ಊರಿನ ಸಂಘಗಳು. ಸಸಿ ಮಾರಿ ಬರುವ ದುಡ್ಡೂ ಅವರದೇ.

ನಾನು ನಮ್ಮ ಕಡೆಯೇ ಒಮ್ಮೆ ಹೋಗಿದ್ದ ತರಬೇತಿ ನೆನಪಾಗುತ್ತದೆ. ಊಟ ಚೆನ್ನಾಗಿತ್ತು. ಗಿಡ ಮಾತ್ರ ಪರದೆ ಮೇಲಷ್ಟೇ ಇತ್ತು.

ಹಾಗಂತ ಭಾರತ ಹಿಂದೆ ಬಿದ್ದಿಲ್ಲ. 1983ರಲ್ಲೇ ಅಖಿಲ ಭಾರತ ಮಟ್ಟದ ಕೃಷಿ ಅರಣ್ಯ ಸಂಶೋಧನಾ ಯೋಜನೆ ಬಂತು, 1988ರಲ್ಲಿ ಝಾನ್ಸಿಯಲ್ಲಿ ರಾಷ್ಟ್ರೀಯ ಕೇಂದ್ರ. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅರಣ್ಯ ಪದವಿ ಶುರುವಾದದ್ದು 1985ರ ಹೊತ್ತಿಗೆ. ಶಿರಸಿಯ ಅರಣ್ಯ ಕಾಲೇಜು ಆ ಮೊದಲ ಸಾಲಿನದು, ಪೊನ್ನಂಪೇಟೆಯದು ಆಮೇಲೆ ಬಂತು. 2014ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಜಾಗತಿಕ ಸಮ್ಮೇಳನ ನಡೆದಾಗ ಕೃಷಿ ಅರಣ್ಯಕ್ಕೆಂದೇ ರಾಷ್ಟ್ರೀಯ ನೀತಿಯೂ ಹೊರಬಂತು. ಇಂಥ ನೀತಿ ಮಾಡಿದ ಮೊದಲ ದೇಶ ನಮ್ಮದು.

ಪದವಿ ಬಂತು, ನೀತಿ ಬಂತು. ಕೆಲಸ? ಆಫ್ರಿಕಾದಲ್ಲೂ ಇಲ್ಲೂ ಗಂಟು ಬಿದ್ದಿರುವುದು ಇಲ್ಲೇ. ಎರಡೂ ಕಲಿತವನನ್ನು ಎರಡು ಇಲಾಖೆಯಲ್ಲಿ ಯಾವುದು ಕರೆಯುತ್ತದೆ? ಶಿರಸಿ, ಪೊನ್ನಂಪೇಟೆಯ ವಿದ್ಯಾರ್ಥಿಗಳು ಧರಣಿ ಕೂತದ್ದುಂಟು. ಅವರು ಕೇಳಿದ್ದು ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ) ಹುದ್ದೆಗಳಲ್ಲಿ ಹೆಚ್ಚಿನ ಪಾಲು. ಅದು ಕಾಡು ಕಾಯುವ ಹುದ್ದೆ, ಹೊಲದ ಬದುವಿನದಲ್ಲ. ಅವರನ್ನು ದೂರುವ ಹಾಗೂ ಇಲ್ಲ, ಖಾಲಿ ಇರುವ ಕುರ್ಚಿಯನ್ನೇ ತಾನೇ ಕೇಳುವುದು?

ರಾಜ್ಯದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಶುರುವಾದದ್ದು 2011-12ರಲ್ಲಿ. ಮಾಥಾಯ್ ಅವರ ನಾಲ್ಕು ಸೆಂಟಿನ ಹಾಗೇ ಇಲ್ಲೂ ಗಿಡ ಬದುಕಿದರೆ ಮಾತ್ರ ದುಡ್ಡು, ಮೂರು ವರ್ಷ. ಸಸಿ ಬೇಕಾದವರು ಅರಣ್ಯ ಇಲಾಖೆಯ ನರ್ಸರಿಗೆ ಹೋಗಬೇಕು. ಅದೇ ಹೊಲಕ್ಕೆ ರಾಗಿ ಬೀಜ ಬೇಕಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಎರಡೂ ಕಡೆ ಕೊಡುವುದು ಒಂದೇ ಪಹಣಿ.