ಕೊನೆಗಾರನ ತೋಳು, ಜಿಮ್ಮಿನ ಮೊದಲ ಎರಡು ತಿಂಗಳು

ತೀರ್ಥಹಳ್ಳಿ, ಸಾಗರದ ಕಡೆ ಅಡಿಕೆ ಕೊಯ್ಲಿನ ಹೊತ್ತಿಗೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರನ್ನು ಗಮನಿಸಿ. ನೆಲದಿಂದಲೇ ಗೊನೆ ಕೊಯ್ಯುವ ಉದ್ದನೆಯ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವವರು ಕಡಿಮೆಯಾದರು, ಆದರೂ ಇದ್ದಾರೆ. ತೋಳು ಸಣಕಲು, ಆದರೆ ತುದಿಯಲ್ಲಿ ಕೂತು ಪಕ್ಕದ ಮರವನ್ನು ಎಳೆದುಕೊಂಡು ದಾಟಿಬಿಡುತ್ತಾರೆ. ಬಲ ಬರೀ ಸ್ನಾಯುವಿನ ಗಾತ್ರದಲ್ಲಿಲ್ಲ. ಇರುವ ಸ್ನಾಯುವನ್ನು ನರ ಎಷ್ಟು ದುಡಿಸಿಕೊಳ್ಳುತ್ತದೆ ಎಂಬುದರಲ್ಲೂ ಇದೆ.

ಬೆನ್ನುಹುರಿಯಿಂದ ಹೊರಡುವ ಒಂದೊಂದು ನರಕೋಶದ ಕೈಕೆಳಗೂ ಸ್ನಾಯುವಿನ ಎಳೆಗಳ ಒಂದೊಂದು ಗುಂಪಿರುತ್ತದೆ. ಹಗುರ ಕೆಲಸಕ್ಕೆ ಸಣ್ಣ ಗುಂಪುಗಳು ಸಾಕು. ಭಾರ ಏರಿದಂತೆ ದೊಡ್ಡವು ಏಳುತ್ತವೆ. ಜಿಮ್ಮಿಗೆ ಹೊಸಬರಾದವರಲ್ಲಿ ದೊಡ್ಡ ಗುಂಪುಗಳು ಪೂರ್ತಿ ಏಳುವುದಿಲ್ಲ, ಜೊತೆಗೆ ಎದುರು ಸ್ನಾಯುವೂ ಬಿಗಿದು ಅಡ್ಡಗಾಲು ಹಾಕುತ್ತದೆ. ಮೊದಲ 6–8 ವಾರಗಳಲ್ಲಿ ಮುಖ್ಯವಾಗಿ ಸರಿಹೋಗುವುದು ಇದೇ. ಕನ್ನಡಿಯಲ್ಲಿ ಏನೂ ಕಾಣದಿದ್ದರೂ ರಾಡ್ ಹಗುರಾಗುತ್ತಾ ಹೋಗುವುದು ಅದಕ್ಕೆ.

ನರ ಕಲಿಯುವುದು ಮರುಕಳಿಸಿ ಮಾಡಿದಾಗ. ಹಾಗಾಗಿ ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಟ್ಟು, ಅವೇ ನಾಲ್ಕು ವ್ಯಾಯಾಮ ಸಾಕು: ಸ್ಕ್ವಾಟ್ (ರಾಡ್ ಹೊತ್ತು ಬಸ್ಕಿ), ಬೆಂಚ್ ಪ್ರೆಸ್ (ಮಲಗಿ ರಾಡ್ ಮೇಲೆ ತಳ್ಳುವುದು), ರೋ (ಬಾಗಿ ರಾಡನ್ನು ಹೊಟ್ಟೆಯತ್ತ ಎಳೆಯುವುದು), ಡೆಡ್‌ಲಿಫ್ಟ್ (ನೆಲದಿಂದ ರಾಡ್ ಎತ್ತಿ ನಿಲ್ಲುವುದು). ದಿನಕ್ಕೊಂದು ಅಂಗ ಎಂಬ ಚಾರ್ಟು ಹೊಸಬರಿಗಲ್ಲ. ಒಲಿಂಪಿಕ್ ರಾಡ್ ಒಂದೇ 20 ಕೆ.ಜಿ. ಇರುತ್ತದೆ, 15 ಬಸ್ಕಿ ನೆಟ್ಟಗೆ ಹೊಡೆಯಲಾಗದವರು ಅದನ್ನು ಹೆಗಲಿಗೇರಿಸುವುದು ಬೇಡ. ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್, ನಿಲ್ಲಿಸದೆ ಮಾಡುವ ರೆಪ್‌ಗಳ ಒಂದು ಸರದಿ ಒಂದು ಸೆಟ್. ಮೊದಲ ವಾರ ಒಂದೊಂದೇ ಸೆಟ್, ಆಮೇಲೆ ಮೂರು. ಮೂರು ಸೆಟ್, ಹತ್ತು ರೆಪ್ ಎಂಬ ಲೆಕ್ಕವನ್ನು 1940ರ ದಶಕದಲ್ಲಿ ರೂಢಿಗೆ ತಂದವರು ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲಾರ್ಮ್, ಗಾಯಾಳು ಸೈನಿಕರಿಗಾಗಿ. ಇನ್ನೆರಡು ರೆಪ್ ಆದೀತು ಅನ್ನಿಸುವಾಗಲೇ ಸೆಟ್ ನಿಲ್ಲಿಸಿ. ಮೂರರಲ್ಲೂ ಹತ್ತು ಮುಟ್ಟಿದರೆ ಮುಂದಿನ ಸಲ ಎರಡೂ ಬದಿಗೆ 1.25 ಕೆ.ಜಿ. ಪ್ಲೇಟ್ ಸೇರಿಸಿ.

ಎಷ್ಟೋ ಜಿಮ್‌ಗಳಲ್ಲಿ ಆ ಪುಟ್ಟ ಪ್ಲೇಟೇ ಇರುವುದಿಲ್ಲ. ಡಂಬೆಲ್ ಇನ್ನೂ ಕಷ್ಟ: 5 ಕೆ.ಜಿ.ಯಿಂದ 7.5ಕ್ಕೆ ಹೋದರೆ ಭಾರ ಒಮ್ಮೆಗೇ ಅರ್ಧದಷ್ಟು ಏರಿದಂತೆ. 5ರಲ್ಲೇ 15 ರೆಪ್ ಆಗುವವರೆಗೆ ಕಾಯಿರಿ.

ಮಾರನೇ ದಿನ ಮೆಟ್ಟಿಲಿಳಿಯುವಾಗ ತೊಡೆ ಹಿಡಿದುಕೊಳ್ಳುವುದಕ್ಕೆ ಲ್ಯಾಕ್ಟಿಕ್ ಆಮ್ಲ ಕಾರಣವಲ್ಲ. ಅದು ಸುಮಾರು ಒಂದು ಗಂಟೆಯೊಳಗೆ ರಕ್ತದಿಂದ ತೊಲಗಿರುತ್ತದೆ. ಭಾರವನ್ನು ಕೆಳಗಿಳಿಸುವಾಗ ಎಳೆಗಳಲ್ಲಾಗುವ ಸೂಕ್ಷ್ಮ ಗಾಯದ ನೋವದು. ಎರಡನೇ ಸಲ ಕಡಿಮೆಯಾಗುತ್ತದೆ. ಹೆದರಬೇಕಾದದ್ದು ಮಂಡಿಚಿಪ್ಪಿನ ಕೆಳಗೋ ಮೊಣಕೈ ಬಳಿಯೋ ಒಂದೇ ಜಾಗದಲ್ಲಿ ಚುಚ್ಚುವ ನೋವಿಗೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುವಿಗೆ ರಕ್ತದ ಹರಿವು ಕಡಿಮೆ, ಅದು ಗಟ್ಟಿಯಾಗಲು ತಿಂಗಳುಗಳೇ ಬೇಕು. ಆರನೇ ವಾರಕ್ಕೆ ನರ ಭಾರ ಎತ್ತಲು ಸಿದ್ಧ, ರಜ್ಜು ಇನ್ನೂ ಹಳೆಯದೇ. ಹುರುಪಿನವರು ಪೆಟ್ಟು ತಿನ್ನುವುದು ಈ ಸಂದಿನಲ್ಲಿ.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ, ರಾಡ್ ಜಾರುತ್ತದೆ. ಒಣ ಟವೆಲ್ ಜೊತೆಗೇ ಇರಲಿ, ಬೀದಿಯ ಕೆಸರು ಮೆಟ್ಟಿದ ಶೂನಲ್ಲಿ ಟೈಲ್ಸ್ ಮೇಲೆ ಸ್ಕ್ವಾಟ್ ಬೇಡ. ಮಳೆ ಹಿಡಿದು ಎರಡು ವಾರ ತಪ್ಪಿದರೂ ಬಲವೇನೂ ಕೊಚ್ಚಿಕೊಂಡು ಹೋಗುವುದಿಲ್ಲ. ಹತ್ತರಲ್ಲಿ ಒಂದು ಪಾಲು ಭಾರ ಇಳಿಸಿ ಮತ್ತೆ ಶುರುಮಾಡಿ.

ಊಟದ ವಿಷಯಕ್ಕೆ ಬಂದರೆ, ಬಲ ಬೆಳೆಸುವವರಿಗೆ ದೇಹದ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, 60 ಕೆ.ಜಿ.ಯವರಿಗೆ 96 ಗ್ರಾಂ. ಕಡುಬು, ಅಕ್ಕಿರೊಟ್ಟಿಯಲ್ಲಿ ಹೆಚ್ಚಿನ ಪಾಲು ಪಿಷ್ಟವೇ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಹಸಿ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಹುರುಳಿ ಬೇಯಿಸಿ, ಕಟ್ಟು ಬಸಿದು ಸಾರು ಮಾಡಿಕೊಂಡು, ಕಾಳನ್ನು ಎಮ್ಮೆಗೆ ಹಾಕುವ ಮನೆಗಳಲ್ಲಿ ಪ್ರೋಟೀನಿನ ದೊಡ್ಡ ಪಾಲು ಹೋಗುವುದು ಎಮ್ಮೆಗೆ.