ದಾವಣಗೆರೆಯಿಂದ ಬೀದರ್‌ಗೆ ಕಾರಿನಲ್ಲಿ: ಒಂದೇ ದಿನಕ್ಕೆ ಮುಟ್ಟಬಹುದೇ?

ಓದುಗರ ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ದಾವಣಗೆರೆಯಿಂದ ಬೀದರ್‌ಗೆ ನಮ್ಮದೇ ಕಾರಿನಲ್ಲಿ ಹೋಗಿಬರಬೇಕು ಅಂತಿದ್ದೇವೆ. ಏಳು ಸೀಟಿನ ಗಾಡಿ. ಅಪ್ಪ, ಅಮ್ಮ, ನಾವಿಬ್ಬರು, ಇಬ್ಬರು ಮಕ್ಕಳು. ಅಪ್ಪನಿಗೆ ಶುಗರ್ ಇದೆ. ಮೊಬೈಲ್ ಮ್ಯಾಪ್ ಹತ್ತು ತಾಸಿನ ದಾರಿ ಅನ್ನುತ್ತದೆ. ನಸುಕಿನಲ್ಲಿ ನಾಲ್ಕಕ್ಕೆ ಬಿಟ್ಟರೆ ಸಂಜೆಯೊಳಗೆ ಮುಟ್ಟಬಹುದಲ್ಲವೇ?

ಮುಟ್ಟಬಹುದು. ಆದರೂ ಬೇಡ ಅನ್ನುತ್ತೇನೆ. ಯಾಕೆ ಅಂತ ಮೊದಲು ಲೆಕ್ಕ ಹಾಕಿ ನೋಡೋಣ.

ದಾವಣಗೆರೆಯಿಂದ ಹರಪನಹಳ್ಳಿ, ಹೊಸಪೇಟೆ, ಕುಷ್ಟಗಿ, ಲಿಂಗಸುಗೂರು, ಶಹಾಪುರ, ಜೇವರ್ಗಿ, ಕಲಬುರಗಿ ಮೇಲೆ ಬೀದರ್‌ಗೆ ಹೋಗುವುದು ಹತ್ತಿರದ ದಾರಿ. ಅದೇ 500 ಕಿ.ಮೀ. ದಾಟುತ್ತದೆ. ಇದರಲ್ಲಿ ಹೆಚ್ಚಿನ ಪಾಲು ಎರಡು ಪಥದ ರಸ್ತೆ, ಊರೂರಿಗೂ ಹಂಪು, ಸಂತೆಯ ದಿನವಾದರೆ ಜನ, ದನ, ಆಟೋ. ಇಂಥ ದಾರಿಯಲ್ಲಿ ತಾಸಿಗೆ 50 ಕಿ.ಮೀ. ಸರಾಸರಿ ಸಿಕ್ಕರೆ ಪುಣ್ಯ. ಅಂದರೆ ಗಾಡಿ ಉರುಳುವ ಹೊತ್ತೇ ಹತ್ತು ತಾಸಿಗಿಂತ ಜಾಸ್ತಿ. ಮ್ಯಾಪ್ ಹೇಳುವುದು ಇದನ್ನಷ್ಟೇ. ತಿಂಡಿ, ಊಟ, ಚಹಾ, ಅಪ್ಪನ ಮಾತ್ರೆ, ಮಕ್ಕಳ ವಾಂತಿ, ಬಂಕಿನಲ್ಲಿ ಸರದಿ ಇವ್ಯಾವುವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ಇವಕ್ಕೆಲ್ಲ ಮೂರು, ಮೂರೂವರೆ ತಾಸು ಸೇರಿಸಿ. ನಾಲ್ಕಕ್ಕೆ ಬಿಟ್ಟವರು ಬೀದರ್ ಸೇರುವುದು ಸಂಜೆ ಆರರ ಮೇಲೆ. ಡಿಸೆಂಬರಿನಲ್ಲಿ ಆರಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಎಲ್ಲಾದರೂ ಒಂದು ತಾಸು ತಡವಾಯಿತೋ, ಕಲಬುರಗಿಯಿಂದ ಬೀದರ್‌ವರೆಗಿನ ಕೊನೆಯ 110 ಕಿ.ಮೀ. ಚಿಲ್ಲರೆಯ ಬಹುಪಾಲು ಕತ್ತಲಲ್ಲೇ. ದಿನವಿಡೀ ಸ್ಟೇರಿಂಗ್ ಹಿಡಿದು ಕಣ್ಣು ಉರಿಯುತ್ತಿರುವ ಹೊತ್ತಿಗೆ, ಪರಿಚಯವಿಲ್ಲದ ರಸ್ತೆ, ಎದುರಿಗೆ ಹೈಬೀಮ್.

ಆ ಕತ್ತಲಲ್ಲಿ ಏನಿರುತ್ತದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಡಿಸೆಂಬರ್ ಅಂದರೆ ಕಬ್ಬು ನುರಿಸುವ ಕಾಲ. ಒಂದು ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್, ಎರಡರಲ್ಲೂ ಆಳೆತ್ತರಕ್ಕಿಂತ ಮೇಲೆ ಒಟ್ಟಿದ ಕಬ್ಬು. ಸುಳಿ, ಗರಿಗಳು ಎರಡೂ ಬದಿಗೆ ಮೊಳಗಟ್ಟಲೆ ಚಾಚಿರುತ್ತವೆ. ಹಿಂದೆ ಕೆಂಪು ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಟೇಪಿನ ಹಾಡು ಜೋರಾಗಿರುವುದರಿಂದ ನಿಮ್ಮ ಹಾರನ್ ಡ್ರೈವರಿಗೆ ಕೇಳಿಸುವುದಿಲ್ಲ. ಎದುರಿನ ಲಾರಿಯ ಬೆಳಕಿಗೆ ಕಣ್ಣು ಕೋರೈಸಿದ ಆ ಕ್ಷಣದಲ್ಲೇ ಟ್ರೇಲರ್ ನಿಮ್ಮ ಬಾನೆಟ್ ಮುಂದೆ ಬಂದಿರುತ್ತದೆ. ತೊಗರಿ ಕೊಯ್ಲೂ ಇದೇ ಹೊತ್ತಿಗೆ ಶುರುವಾಗುತ್ತದೆ, ಹೊಲದಿಂದ ಬರುವ ಗಾಡಿಗಳೂ ರಸ್ತೆಗೇ ಬರಬೇಕು. ನಮ್ಮ ಕಡೆಯೇ ನೋಡಿ, ದಾವಣಗೆರೆ ಸುತ್ತ ಸರ್ವೀಸ್ ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲು ಸಾಲಿಟ್ಟಿರುತ್ತಾರೆ. ಹಗಲಲ್ಲಿ ಅದು ಕಾಣುತ್ತದೆ, ರಾತ್ರಿ ಕಾಣುವುದಿಲ್ಲ. ರೈತರನ್ನು ದೂರಿ ಉಪಯೋಗವಿಲ್ಲ, ಒಣಗಿಸಲು ಅವರಿಗೆ ಬೇರೆ ಕಣವಿಲ್ಲ. ಹಗಲಲ್ಲೇ ದಾಟಿಬಿಡುವುದು ನಮ್ಮ ಕೈಲಿದೆ.

ಹಾಗಾಗಿ ದೂರದ ಪ್ರಯಾಣಕ್ಕೆ ಬೆಳಿಗ್ಗೆ ಎಷ್ಟಕ್ಕೆ ಬಿಡಬೇಕು ಅಂತ ಮೊದಲು ಯೋಚಿಸಬೇಡಿ. ಸಂಜೆ ಐದಕ್ಕೆ ಎಲ್ಲಿರಬೇಕು ಅನ್ನುವುದನ್ನು ಗೊತ್ತು ಮಾಡಿ. ಅಲ್ಲಿ ರೂಮ್ ಹಿಡಿದಿಟ್ಟು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ.

ನಿಮ್ಮ ಮಟ್ಟಿಗೆ ಆ ಊರು ವಿಜಯಪುರ. ನಕ್ಷೆಯಲ್ಲಿ ನೋಡಿದರೆ ಇದು ಸುತ್ತು ದಾರಿ, ಬೀದರ್‌ಗೆ ಒಟ್ಟು 650 ಕಿ.ಮೀ. ಮೀರುತ್ತದೆ. ಆದರೂ ಇದನ್ನೇ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಬೆಂಗಳೂರು–ಪುಣೆ ಹೆದ್ದಾರಿ, ಅಂದರೆ ರಾಷ್ಟ್ರೀಯ ಹೆದ್ದಾರಿ 48ನ್ನು ಬಿಟ್ಟು 50ನ್ನು ಹಿಡಿಯಿರಿ. ಹಳೆಯ ಲಾರಿ ಡ್ರೈವರುಗಳು ಈಗಲೂ 'ಹದಿಮೂರು' ಅನ್ನುವುದು ಇದನ್ನೇ, ಹಿಂದೆ ಇದರ ಸಂಖ್ಯೆ 13 ಇತ್ತು. ಕೂಡ್ಲಿಗಿ, ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದ ದಾಟಿ ವಿಜಯಪುರದವರೆಗೂ ನಾಲ್ಕು ಪಥ, ನಡುವೆ ಡಿವೈಡರ್. ದಾವಣಗೆರೆಯಿಂದ ಸುಮಾರು 400 ಕಿ.ಮೀ. ಬೆಳಿಗ್ಗೆ ಐದೂವರೆಗೆ ಬಿಟ್ಟರೆ ತಿಂಡಿಗೆ ಹೊಸಪೇಟೆ. ತುಂಗಭದ್ರೆ ದಾಟುವ ಮುನಿರಾಬಾದ್ ಹತ್ತಿರ ಹುಲಿಗಿ ಇದೆ. ಹುಣ್ಣಿಮೆಯ ದಿನ ಹುಲಿಗೆಮ್ಮನ ದರ್ಶನಕ್ಕೆ ಬರುವ ಗಾಡಿಗಳು ಆ ಭಾಗದಲ್ಲಿ ಕಿಕ್ಕಿರಿಯುತ್ತವೆ, ಹೊರಡುವ ಮೊದಲು ಪಂಚಾಂಗವನ್ನೊಮ್ಮೆ ನೋಡಿಕೊಳ್ಳಿ. ಹೊಸಪೇಟೆ, ಬಳ್ಳಾರಿ ಸುತ್ತಲಿನ ಅದಿರು ಲಾರಿಗಳ ಹಿಂದೆ ಅಂಟಿಕೊಂಡು ಹೋಗಬೇಡಿ. ಅದಿರಿನ ಪುಡಿ, ಕಲ್ಲು ಗಾಜಿಗೆ ಹಾರುತ್ತವೆ.

ಹುನಗುಂದ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಕೂಡಲಸಂಗಮ. ಅಪ್ಪ ಅಮ್ಮ ಇರುವಾಗ ಇದನ್ನು ತಪ್ಪಿಸಬೇಡಿ. ಕೃಷ್ಣೆ, ಮಲಪ್ರಭೆ ಕೂಡುವ ಜಾಗ, ಬಸವಣ್ಣನವರ ಐಕ್ಯಸ್ಥಳ. ನಾರಾಯಣಪುರ ಅಣೆಕಟ್ಟೆಯ ಹಿನ್ನೀರಿನಿಂದ ಕಾಪಾಡಲು ಐಕ್ಯಮಂಟಪದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿದ್ದಾರೆ, ಮೆಟ್ಟಿಲಿಳಿದು ಒಳಗೆ ಹೋಗಬೇಕು. ಮೊಣಕಾಲು ನೋವಿದ್ದವರಿಗೆ ಇದನ್ನು ಮೊದಲೇ ಹೇಳಿಡಿ. ದಾಸೋಹದಲ್ಲಿ ಊಟ ಮುಗಿಸಿ, ಆಲಮಟ್ಟಿ ಹತ್ತಿರ ಕೃಷ್ಣೆ ದಾಟಿದರೆ ನಾಲ್ಕರ ಸುಮಾರಿಗೆ ವಿಜಯಪುರ. ಗೋಳಗುಮ್ಮಟವನ್ನು ಮರುದಿನ ಬೆಳಿಗ್ಗೆಗೆ ಇಟ್ಟುಕೊಳ್ಳಿ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅದು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಜನ ತುಂಬಿ ಕೂಗಾಟ ಶುರುವಾದ ಮೇಲೆ ಪಿಸುಮಾತು ಎಲ್ಲಿ ಕೇಳಬೇಕು?

ಎರಡನೆಯ ದಿನ ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ಮೇಲೆ ಬೀದರ್, 270–280 ಕಿ.ಮೀ. ವಿಜಯಪುರ ದಾಟಿದ ಮೇಲೆ ನಾಲ್ಕು ಪಥದ ಸುಖ ಬಹುತೇಕ ಮುಗಿಯಿತು. ಆದರೆ ಈಗ ನೀವು ರಾತ್ರಿ ನಿದ್ದೆ ಮಾಡಿ ಎದ್ದವರು, ಎದುರಿಗಿರುವುದು ಹಗಲು. ಕಷ್ಟದ ರಸ್ತೆಗೆ ತಾಜಾ ಡ್ರೈವರ್ ಸಿಗಲಿ ಅನ್ನುವುದೇ ಈ ಇಡೀ ಯೋಜನೆಯ ಉದ್ದೇಶ. ಕಲಬುರಗಿಯಲ್ಲಿ ಮಧ್ಯಾಹ್ನ ಖಾನಾವಳಿ ಊಟ ಮಾಡಿ. ಗಾಡಿ ಓಡಿಸುವವರು ಮಾತ್ರ ಎರಡನೇ ರೊಟ್ಟಿಗೆ ಕೈ ತೊಳೆಯಲಿ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಹೊಟ್ಟೆ ತುಂಬಿದವರಿಗೆ ಕಣ್ಣು ಎಳೆಯುತ್ತದೆ. ಕಿಟಕಿ ಇಳಿಸುವುದು, ಹಾಡು ಹಾಕುವುದು, ಮುಖಕ್ಕೆ ನೀರು ಎರಚಿಕೊಳ್ಳುವುದು ಇವುಗಳಿಂದ ನಿದ್ದೆ ಹೋಗುವುದಿಲ್ಲ, ನಾಲ್ಕಾರು ನಿಮಿಷ ಮುಂದೆ ಹೋಗುತ್ತದೆ ಅಷ್ಟೇ. ಗಾಡಿಯನ್ನು ಬಂಕಿನೊಳಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಮಲಗಬೇಡಿ. ನಸುಕಿನ ನಾಲ್ಕಕ್ಕೆ ಬಿಡುವುದು ಬೇಡ ಅಂದದ್ದೂ ಇದಕ್ಕೇ. ಮೂರರಿಂದ ಐದರ ನಡುವೆ ಮೈ ನಿದ್ದೆಯನ್ನೇ ಬೇಡುತ್ತಿರುತ್ತದೆ, ಅಷ್ಟು ಬೇಗ ಏಳಬೇಕೆಂಬ ಆತಂಕದಲ್ಲಿ ಹಿಂದಿನ ರಾತ್ರಿಯೂ ಕೆಟ್ಟಿರುತ್ತದೆ.

ಇನ್ನೊಂದು ಮಾತನ್ನು ಗಂಡಸರು ಕೂತು ಪ್ಲಾನ್ ಮಾಡುವಾಗ ಎತ್ತುವುದೇ ಇಲ್ಲ. ಅಮ್ಮ, ಹೆಂಡತಿ ದಾರಿಯುದ್ದಕ್ಕೂ ನೀರು ಕುಡಿಯುವುದಿಲ್ಲ. ಬಾಯಾರಿಕೆ ಇಲ್ಲದ್ದಕ್ಕಲ್ಲ, ಶೌಚಾಲಯ ಎಲ್ಲಿ ಸಿಗುತ್ತದೋ ಅನ್ನುವ ಭಯಕ್ಕೆ. ಸಂಜೆ ಹೊತ್ತಿಗೆ ತಲೆನೋವು, ಮರುದಿನ ಉರಿಮೂತ್ರ. ದಾರಿಯ ಪ್ಲಾನಿನಲ್ಲಿ ಪೆಟ್ರೋಲಿಗಿಂತ ಮೊದಲು ಇದು ಬರಬೇಕು. ಪೆಟ್ರೋಲ್ ಬಂಕುಗಳಲ್ಲಿ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮವೇ ಇದೆ, ಎಣ್ಣೆ ಹಾಕಿಸದಿದ್ದರೂ ಕೇಳಬಹುದು. ಹೆಂಗಸರ ಶೌಚಾಲಯಕ್ಕೆ ಎಷ್ಟೋ ಕಡೆ ಬೀಗ ಹಾಕಿರುತ್ತಾರೆ. ಕೀಲಿ ಆಫೀಸಿನಲ್ಲಿರುತ್ತದೆ. ನೀವೇ ಇಳಿದುಹೋಗಿ ಕೇಳಿ ತನ್ನಿ, ಅಮ್ಮ ಕೇಳುವುದಿಲ್ಲ. ನಾಲ್ಕು ಪಥದ ಮೇಲೆ ದೊಡ್ಡ ಬಂಕುಗಳು ಸಾಲಾಗಿ ಸಿಗುತ್ತವೆ, ವಿಜಯಪುರದ ದಾರಿ ಹಿಡಿಯಿರಿ ಅನ್ನಲು ಇದೂ ಒಂದು ಕಾರಣ. ಎರಡು ತಾಸಿಗೊಮ್ಮೆ ಎಲ್ಲರನ್ನೂ ಇಳಿಸಿ ಹತ್ತು ನಿಮಿಷ ಓಡಾಡಿಸಿ, ಕಾಲು ಜೋತುಬಿಟ್ಟು ಕೂತರೆ ವಯಸ್ಸಾದವರ ಪಾದ ಊದಿಕೊಳ್ಳುತ್ತದೆ.

ಅಪ್ಪನ ಊಟದ ಹೊತ್ತು ಮೀರಬಾರದು. 'ಮುಂದಿನ ಊರಲ್ಲಿ ಒಳ್ಳೆ ಹೋಟೆಲ್ ಇದೆ' ಅಂತ ಒಂದು ತಾಸು ಎಳೆಯುವುದು ಶುಗರ್ ಮಾತ್ರೆ ನುಂಗಿದವರಿಗೆ ಅಪಾಯ. ಬೆವರು, ಕೈ ನಡುಕ, ಮಾತಿನಲ್ಲಿ ತಡವರಿಕೆ ಕಂಡರೆ ಶುಗರ್ ತೀರಾ ಇಳಿದಿದೆ ಅಂತ ತಿಳಿದು ಕೂಡಲೇ ಸಕ್ಕರೆಯನ್ನೋ ಗ್ಲುಕೋಸನ್ನೋ ಕೊಟ್ಟು, ಆಮೇಲೆ ತಿನ್ನಲು ಕೊಡಿ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಡ್ಯಾಶ್‌ಬೋರ್ಡ್ ಮೇಲಾಗಲಿ ಡಿಕ್ಕಿಯಲ್ಲಾಗಲಿ ಇಡಬೇಡಿ, ಬಿಸಿಲಿಗೆ ಕೆಡುತ್ತದೆ.

ಗಾಡಿಯ ವಿಷಯದಲ್ಲಿ ಟೈರಿಗೆ ಹೆಚ್ಚು ಗಮನ ಕೊಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಪಟ್ಟಿ ಚೆನ್ನಾಗಿದ್ದರೂ ಅಷ್ಟು ಹಳೆಯ ಟೈರು ಹಾಕಿಕೊಂಡು ಆರು ಜನರನ್ನು ಕೂರಿಸಿ ಹೊರಡಬೇಡಿ. ರಬ್ಬರು ಗಡುಸಾಗಿ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ, ಬೆರಳಾಡಿಸಿ ನೋಡಿ. ಗಾಳಿ ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲ ಒಳಗಿನ ಸ್ಟಿಕ್ಕರಿನಲ್ಲಿದೆ. ಪೂರ್ತಿ ಜನ, ಸಾಮಾನು ಇದ್ದಾಗಿನ ಅಂಕಿ ಬೇರೆ ಇರುತ್ತದೆ, ಅದನ್ನು ನೋಡಿ. ಮನೆಯಿಂದ ಹೊರಟ ಹೊತ್ತಿಗೇ, ಟೈರು ತಣ್ಣಗಿರುವಾಗ ಹಾಕಿಸಿ. ಓಡಿ ಬಿಸಿಯಾದ ಮೇಲೆ ಅಳೆದರೆ ಹೆಚ್ಚು ತೋರಿಸುತ್ತದೆ, ಆಗ ಗಾಳಿ ಇಳಿಸಲು ಹೋಗಬೇಡಿ. ಸ್ಟೆಪ್ನಿಯಲ್ಲೂ ಗಾಳಿ ಇದೆಯೇ, ಜಾಕ್, ಪಾನಾ ಡಿಕ್ಕಿಯಲ್ಲಿವೆಯೇ ಅಂತ ಹಿಂದಿನ ದಿನವೇ ತೆಗೆದು ನೋಡಿ.

ಟೋಲ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. 2025ರ ಆಗಸ್ಟ್ 15ರಂದು ಸ್ವಂತ ಕಾರುಗಳಿಗೆ ವಾರ್ಷಿಕ ಪಾಸ್ ಬಂತು. ಶುರುವಾದಾಗ 3,000 ರೂಪಾಯಿಗೆ ಒಂದು ವರ್ಷ ಅಥವಾ 200 ಸಲ, ಯಾವುದು ಮೊದಲೋ ಅದು. ರಾಷ್ಟ್ರೀಯ ಹೆದ್ದಾರಿಗಳ ಟೋಲಿಗೆ ನಡೆಯುತ್ತದೆ, ರಾಜ್ಯ ಹೆದ್ದಾರಿಯ ಟೋಲಿಗಿಲ್ಲ. ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುವ ದಾವಣಗೆರೆಯವರು ಇದರ ಲೆಕ್ಕ ಹಾಕಿ ನೋಡಬೇಕು. ವೇಗಕ್ಕೆ ಬಂದರೆ, ಕೇಂದ್ರದ 2018ರ ಅಧಿಸೂಚನೆ ಡಿವೈಡರ್ ಇರುವ ನಾಲ್ಕು ಪಥದಲ್ಲಿ ಕಾರಿಗೆ 100 ಕಿ.ಮೀ. ಮಿತಿ ಹಾಕಿದೆ. ಬೋರ್ಡಿನಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಬೋರ್ಡೇ ಕಾನೂನು. ಮನೆಮಂದಿಯೆಲ್ಲ ಇರುವಾಗ 80–85 ಸಾಕು. ಡಿವೈಡರ್ ನಡುವಿನ ಕಿಂಡಿಗಳಲ್ಲಿ ಬೈಕು ಉಲ್ಟಾ ನುಗ್ಗುವುದನ್ನು ನಾವು ದಿನಾ ನೋಡುತ್ತೇವೆ. 85ರಲ್ಲಿದ್ದರೆ ಬ್ರೇಕಿಗೆ ಅವಕಾಶವಾದರೂ ಸಿಗುತ್ತದೆ.

ಗಾಡಿ ಕೆಟ್ಟರೆ ಅಥವಾ ಅಪಘಾತವಾದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲ ಕಡೆಗೂ 112, ಆಂಬುಲೆನ್ಸಿಗೆ 108. ಫೋನ್ ಎತ್ತಿದವರು ಮೊದಲು ಕೇಳುವುದು 'ಎಲ್ಲಿದ್ದೀರಿ?' ಅಂತ. ಗಾಬರಿಯಲ್ಲಿ ಊರ ಹೆಸರು ಬಾಯಿಗೆ ಬರುವುದಿಲ್ಲ. ಅಂಚಿನಲ್ಲಿರುವ ಹಳದಿ ತಲೆಯ ಮೈಲುಗಲ್ಲಿನ ಸಂಖ್ಯೆ, ಯಾವ ಊರ ಕಡೆಗೆ ಹೋಗುತ್ತಿದ್ದಿರಿ ಅನ್ನುವುದು, ಇವೆರಡನ್ನು ಹೇಳಿದರೆ ಸಾಕು. ಎಲ್ಲರನ್ನೂ ಇಳಿಸಿ ಕ್ರ್ಯಾಶ್ ಬ್ಯಾರಿಯರ್ ಆಚೆಗೆ ನಿಲ್ಲಿಸಿ. ನಿಂತ ಕಾರಿನೊಳಗೆ ಕೂತಿರುವುದೇ ದೊಡ್ಡ ಅಪಾಯ.

ಇದೇ ಪ್ರವಾಸವನ್ನು ಮಳೆಗಾಲಕ್ಕೆ ಇಟ್ಟುಕೊಂಡವರಿಗೊಂದು ಮಾತು. ದಾವಣಗೆರೆಯಲ್ಲಿ ಬಿಸಿಲು ಹೊಡೆಯುತ್ತಿದ್ದರೂ ಮಹಾರಾಷ್ಟ್ರದಲ್ಲಿ ಮಳೆ ಸುರಿದು ಉಜ್ಜನಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಭೀಮೆ ತುಂಬುತ್ತಾಳೆ. ಜೇವರ್ಗಿ, ಕಲಬುರಗಿ ಕಡೆಯ ಸೇತುವೆ ಬಂದ್ ಆಗುವುದು ಹಾಗೆ. ನೋಡಬೇಕಾದ್ದು ನಮ್ಮೂರ ಹವಾಮಾನವನ್ನಲ್ಲ, ಆ ಅಣೆಕಟ್ಟೆಯ ಸುದ್ದಿಯನ್ನು.

ಬೀದರ್‌ಗೆ ಪೂರ್ತಿ ಒಂದು ದಿನ ಕೊಡಿ. ಕೋಟೆಗೇ ಅರ್ಧ ದಿನ ಬೇಕು, ಮಹಮೂದ್ ಗವಾನನ 1472ರ ಮದರಸಾ, ನಾನಕ್ ಝೀರಾ ಗುರುದ್ವಾರ ಉಳಿದರ್ಧಕ್ಕೆ. ಹೊರಡುವ ದಿನ ಬಸವಕಲ್ಯಾಣ ನೋಡಿ ಕಲಬುರಗಿಯಲ್ಲಿ ಉಳಿದುಕೊಳ್ಳಿ. ಮರುದಿನ ಹತ್ತಿರದ ದಾರಿಯಲ್ಲೇ ಬರಬಹುದು, ಆರಕ್ಕೆ ಬಿಟ್ಟು ಶಹಾಪುರ, ಸುರಪುರ, ತಿಂಥಣಿಯಲ್ಲಿ ಕೃಷ್ಣೆ ದಾಟಿ ಲಿಂಗಸುಗೂರು. ಅಲ್ಲಿಂದ ಸಿಂಧನೂರು ಕಡೆಗೆ ಹೋದರೆ ಮಸ್ಕಿ. ಅಶೋಕನ ಹೆಸರನ್ನೇ ಹೇಳುವ ಶಾಸನ 1915ರಲ್ಲಿ ಸಿಕ್ಕ ಊರು ಅದು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ನೋಡಿರುವ ಮಕ್ಕಳಿಗೆ ಇದನ್ನೂ ತೋರಿಸಬೇಕು. ಹೊಸಪೇಟೆಯಲ್ಲಿ ಮಾತ್ರ ಗಡಿಯಾರ ನೋಡಿಕೊಳ್ಳಿ. ಮಧ್ಯಾಹ್ನ ಮೂರರೊಳಗಿದ್ದರೆ ಹರಪನಹಳ್ಳಿ ಮೇಲೆ ಮನೆಗೆ ಬನ್ನಿ. ಮೂರು ದಾಟಿದ್ದರೆ 70 ಕಿ.ಮೀ. ಜಾಸ್ತಿಯಾದರೂ ಚಿತ್ರದುರ್ಗದ ನಾಲ್ಕು ಪಥವನ್ನೇ ಹಿಡಿಯಿರಿ.